ಮೊರದ ಹಿಂದೆ ಒಂದು ಹೆಸರು

೪ ಡಿಸೆಂಬರ್ ೧೯೫೫, ಭಾನುವಾರ. ಗುಂಡ್ಲುಪೇಟೆ

ಶಿವಮಲ್ಲಪ್ಪ. ಶಿವಮಲ್ಲಪ್ಪ. ಶಿವಮಲ್ಲಪ್ಪ. ಮೂರು ಸಲ ಬರೆದೆ. ಮನೆಯ ಸೂರು ಹಾಗೇ ಇದೆ, ಒಂದು ಹೆಂಚೂ ಜಾರಲಿಲ್ಲ.

ಇದು ನನ್ನ ಗಂಡನ ಹೆಸರು. ಮದುವೆಯಾಗಿ ಎರಡು ವಾರ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಅಂಗಿಯ ತೋಳಿನ ತುದಿಯಲ್ಲಿ ಯಾವಾಗಲೂ ಮಸಿ. ನನಗೆ ಇಷ್ಟೊಂದು ಸಂತೋಷ ಇಡುವುದಕ್ಕೆ ಜಾಗ ಸಾಲದೆ ಈ ಡೈರಿ ತೆಗೆದಿದ್ದೇನೆ. ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಇಲ್ಲಿ ಎರಡು ದಿನ ಹಾಗೇ ಬರೆದು ನೋಡಿದೆ. ಅತ್ತೆ ಎಂಬುದಕ್ಕೆ ಆ ಭಾಷೆಯಲ್ಲಿರುವ ಪದ ಕೋರ್ಟಿನ ಕಾಗದದ ಹಾಗಿದೆ. ಅದಕ್ಕೇ ಕನ್ನಡ.

ಅತ್ತೆಯ ವಿಷಯಕ್ಕೇ ಬರುತ್ತೇನೆ. ಮೊನ್ನೆ ಶುಕ್ರವಾರ ಶಿವಮಲ್ಲಪ್ಪ ಊಟದ ಡಬ್ಬಿ ಮರೆತು ಸ್ಕೂಲಿಗೆ ಹೊರಟರು. ನಾನು ಜಗಲಿಗೆ ಓಡಿಬಂದು, "ಶಿವಮಲ್ಲಪ್ಪಾ, ಡಬ್ಬಿ" ಎಂದು ಬೀದಿಯ ಕೊನೆಯವರೆಗೆ ಕೇಳುವ ಹಾಗೆ ಕೂಗಿದೆ. ಮದುವೆಗೆ ಮುಂಚಿನ ಕಾಗದಗಳಲ್ಲೇ ಹೆಸರು ಹಿಡಿದು ಕರೆಯುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೆವು. ಅದು ಮನೆಯೊಳಗಿನ ಮಾತು. ಡಬ್ಬಿಯ ಅವಸರದಲ್ಲಿ ಬೀದಿಗೆ ಬಂದುಬಿಟ್ಟಿತು. ಬಳೆಗಾರ ಮಲಾರ ಇಳಿಸಿ ನಿಂತ. ಎದುರು ಮನೆಯ ಗುರುಸಿದ್ದಮ್ಮ ನೀರಿನ ಕೊಡವನ್ನು ಸೊಂಟದಲ್ಲಿಟ್ಟುಕೊಂಡೇ ನನ್ನನ್ನು ನೋಡಿದರು. ಇತ್ತ ಒಳಗೆ ಶಿವಮಲ್ಲಪ್ಪನ ತಾಯಿಯ ಕೈಯಲ್ಲಿ ಸೌಟು ನಿಂತಿತ್ತು.

ಅವರ ತಾಯಿ ಶಿವರುದ್ರಮ್ಮನವರು ಮೂವತ್ತು ವರ್ಷದಲ್ಲಿ ಗಂಡನ ಹೆಸರನ್ನು ಒಮ್ಮೆಯೂ ಆಡಿಲ್ಲವಂತೆ. ಓಟಿನ ಪಟ್ಟಿ ಬರೆಯುವವರು ಬಂದು ಗಂಡನ ಹೆಸರೇನಮ್ಮ ಎಂದು ಕೇಳಿದಾಗ, ತಮ್ಮ ಕಾಳಿನ ಮಂಡಿಯ ತನಕ ಕರೆದುಕೊಂಡು ಹೋಗಿ, "ಬೋರ್ಡ್ ಓದ್ಕಳಪ್ಪ" ಎಂದರಂತೆ. ಬೋರ್ಡಿನಲ್ಲಿ 'ಚಿಕ್ಕಮಲ್ಲಪ್ಪ, ಧಾನ್ಯದ ವ್ಯಾಪಾರಿಗಳು' ಎಂದಿದೆ. ಅವರೇ ನನ್ನ ಮಾವ. ಊಟಕ್ಕೆ ಕೂತ ತಕ್ಷಣ, ಒಂದು ತುತ್ತೂ ಬಾಯಿಗಿಡದೆ, "ಉಪ್ಪು" ಎನ್ನುತ್ತಾರೆ. ಇಷ್ಟು ಬಿಟ್ಟರೆ ಸಾಧು.

ಶುಕ್ರವಾರದಿಂದ ಅವರ ತಾಯಿ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಾರೆ. ಇವತ್ತು ಹಾಲು ಉಕ್ಕುತ್ತಿತ್ತು. "ನೋಡ್ದಾ," ಎಂದರು ಬೆಕ್ಕಿಗೆ, "ಒಲೆ ಮುಂದ ನಿಂತಿರೋರ್ಗೆ ಯೋಳು, ಆಲು ಉಕ್ತಾ ಅದ ಅಂತ." ಬೆಕ್ಕು ನನ್ನ ಮುಖ ನೋಡಿತು. ನಾನು ಪಾತ್ರೆ ಇಳಿಸಿದೆ.

ಬೆಳಿಗ್ಗೆ ನನ್ನ ತವರಿಗೆ, ಮೈಸೂರಿಗೆ ಹೋಗುವ ಬಸ್ಸು ಹಾರನ್ನು ಹೊಡೆಯುತ್ತಾ ಹೋಗುತ್ತದೆ. ಅವರ ಮನೆಯ ಹಿತ್ತಲಿನಲ್ಲಿ ನಿಂತರೂ ಕೇಳುತ್ತದೆ.

೧೦ ಡಿಸೆಂಬರ್, ಶನಿವಾರ

ಶಿವಮಲ್ಲಪ್ಪ ನನಗೆ ಇಷ್ಟು ದಿನ ಹೇಳದೆ ಒಂದು ಗುಟ್ಟು ಇಟ್ಟುಕೊಂಡಿದ್ದರು. ಇವರು ಜಾದೂ ಬಲ್ಲರು. ಬಿ.ಎಸ್‌ಸಿ. ಓದುವಾಗ ಹಾಸ್ಟೆಲಿನಲ್ಲಿ ಕಲಿತದ್ದಂತೆ. ಮೊಲ ಪಾರಿವಾಳ ತೆಗೆಯುವ ಜಾದೂ ಅಲ್ಲ, ಮನಸ್ಸು ಓದುವ ಜಾದೂ. "ಒಂದು ತರಕಾರಿ ನೆನೆದುಕೋ" ಎಂದು ನನ್ನ ಕಣ್ಣನ್ನೇ ನೋಡಿದರು. ನಾನು ನವಿಲುಕೋಸು ನೆನೆದೆ. "ನವಿಲುಕೋಸು" ಎಂದರು. ನಾನು ಹಾಸಿಗೆಯ ಮೇಲೆ ಕುಣಿದೆ. ಎರಡು ದಿನ ಕಾಡಿದ ಮೇಲೆ ಒಪ್ಪಿಕೊಂಡರು. ಸಂತೆಯಿಂದ ತಂದ ಚೀಲ ನಾನು ಬಿಚ್ಚುವಾಗ ಯಾವುದನ್ನು ನೋಡಿ ಮೂಗು ಮುರಿದೆ ಎಂದು ಕಂಡಿದ್ದರಂತೆ.

ಸ್ಕೂಲಿನ ಪ್ರಯೋಗದ ಕೋಣೆಗೆ ಒಂದು ಗಾಜಿನ ಬೀರು ಬೇಕು. ಅದಕ್ಕಾಗಿ ಮುಂದಿನ ಶನಿವಾರ ಸ್ಕೂಲಿನ ಹಾಲ್‌ನಲ್ಲಿ ಪ್ರದರ್ಶನ. ನನ್ನ ಗಂಡ ವೇದಿಕೆಯ ಮೇಲೆ. ನಾನು ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ, ನೀಲಿ ಸೀರೆ.

೧೮ ಡಿಸೆಂಬರ್, ಭಾನುವಾರ

ಪ್ರದರ್ಶನ ಬಹಳ ಚೆನ್ನಾಗಿ ಆಯಿತು. ಅದೇ ತೊಂದರೆ.

ಮೂವರ ಮನಸ್ಸಿನಲ್ಲಿದ್ದುದನ್ನು ಶಿವಮಲ್ಲಪ್ಪ ಹೇಳಿದರು. ಮೂರೂ ಸರಿ. ನಾನು ಚಪ್ಪಾಳೆ ತಟ್ಟಿದೆ. ಇಡೀ ಹಾಲ್‌ನಲ್ಲಿ ನನ್ನ ಬಳೆಗಳ ಸದ್ದು ಮಾತ್ರ ಕೇಳಿಸಿತು. ಜನ ಒಬ್ಬೊಬ್ಬರಾಗಿ ಎದ್ದು ಮಕ್ಕಳನ್ನು ಎತ್ತಿಕೊಂಡು ಹೋದರು. ಇವತ್ತು ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಸೆರಗನ್ನು ತಲೆ ತುಂಬ ಹೊದ್ದುಕೊಂಡರು, ನಾನೂ ಏನಾದರೂ ಓದಿಬಿಟ್ಟೇನೆಂದು. ಮೇಷ್ಟ್ರು ಎಲ್ಲೋ ಹೋಗಿ ಮಾಟ ಕಲಿತು ಬಂದವ್ರೆ ಎಂದು ಊರೆಲ್ಲ ಮಾತು. ಸಂಜೆ ಇಲ್ಲೇ ಕಾಡಂಚಿನ ಮದ್ದೂರು ಕಡೆಯಿಂದ ಒಬ್ಬ ಮುದುಕಿ ಬಂದು ಜಗಲಿಯಲ್ಲಿ ಕೂತಿತು.

"ನನ್ನೆಮ್ಮೆ ಎತ್ತಗೋಯ್ತು ಯೋಳಪ್ಪ ಮೇಷ್ಟ್ರೆ."

"ನನಗೆ ಗೊತ್ತಿಲ್ಲಮ್ಮ. ಅದು ಬರೀ ಆಟ."

"ಮನ್ಸನ ಮನ್ಸು ಓದೋನ್ಗ ಎಮ್ಮೆ ಮನ್ಸು ಎಷ್ಟ್ರುದು?"

ಶಿವಮಲ್ಲಪ್ಪ ಪಾಪ, ಮುದುಕಿಗೆ ಕಾಫಿ ಕೊಡಿಸಿ ಕಳಿಸಿದರು. ಹೆಡ್‌ಮಾಸ್ಟರು ಇನ್ನು ಈ ಆಟ ಬೇಡ ಎಂದಿದ್ದಾರಂತೆ. ಅತ್ತೆ ಬೆಕ್ಕಿಗೆ ಹೇಳಿದರು: "ಸರಿಯಾದ ಜೋಡಿ ಕಣ. ಒಬ್ಳು ಎಸ್ರು ಕೂಗ್ತಾಳ, ಒಬ್ಬ ಮನ್ಸು ಓದ್ತಾನ. ಊರೋರು ಎಲ್ಲಿಗ್ ಓಗ್ಬೇಕು?"

ನನಗೆ ನಗು ಬಂತು. ಆಮೇಲೆ ಒಲೆಯ ಹೊಗೆ ಎಂದು ಹೇಳಿಕೊಂಡು ಸ್ವಲ್ಪ ಅತ್ತುಬಿಟ್ಟೆ. ಮದುವೆಯಾಗಿ ತಿಂಗಳಾಗುತ್ತಾ ಬಂತು. ಅವರು ಒಂದೇ ಒಂದು ಸಲ ನನ್ನ ಕಡೆ ತಿರುಗಿ, ಬೈದರೂ ಚಿಂತೆಯಿಲ್ಲ, ನನಗೇ ಹೇಳಿದರೆ ಸಾಕು. ಬೇರೇನೂ ಬೇಡ.

೨೦ ಡಿಸೆಂಬರ್, ಮಂಗಳವಾರ

ನನಗೆ ಹೊಳೆಯಿತು. ಸಾರಿಗೆ ಒಗ್ಗರಣೆ ಹಾಕುವಾಗ ಹೊಳೆಯಿತು, ಸಾಸಿವೆ ಸೀದುಹೋಯಿತು.

ಮೇಷ್ಟರು ಮನಸ್ಸು ಓದಿದರೆ ಮಾಟ. ಊರಿನವರೇ ಒಬ್ಬರು ಇನ್ನೊಬ್ಬರ ಮನಸ್ಸು ಓದಿದರೆ? ಬಸ್ ಸ್ಟ್ಯಾಂಡಿನ ಕಡಲೆಕಾಯಿ ರಂಗನಾಯಕ ಓದಿದರೆ? ಯಾರೂ ಹೆದರುವುದಿಲ್ಲ. ಎಲ್ಲರೂ ನಗುತ್ತಾರೆ. ಮೇಷ್ಟರು ಬರೀ ಪಕ್ಕದಲ್ಲಿ ನಿಂತಿದ್ದರೆ ಸಾಕು.

ಶಿವಮಲ್ಲಪ್ಪ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ಅಂಥ ಆಟವೂ ಇದೆಯಂತೆ. ಸಭೆಯಿಂದ ಬಂದವನಿಗೆ ಉತ್ತರವನ್ನು ಬೇರೆ ಯಾರಿಗೂ ಕಾಣದ ಹಾಗೆ ತೋರಿಸುವುದು. ಅವನು ನೋಡಿದ್ದನ್ನು ಹೇಳುತ್ತಾನೆ. ಸಭೆ ಅವನು ಓದಿದ ಎಂದುಕೊಳ್ಳುತ್ತದೆ. "ಅವನು ಹೊರಗೆ ಹೋಗಿ ಗುಟ್ಟು ಹೇಳಿಬಿಟ್ಟರೆ?" ಎಂದೆ. "ಹೇಳುವುದಿಲ್ಲ. ಹೇಳಿದರೆ ಹೊಗಳಿಕೆ ಅವನದಲ್ಲದೆ ಹೋಗುತ್ತದಲ್ಲ" ಎಂದರು. ನನ್ನ ಗಂಡ ಎಷ್ಟು ಜಾಣರು.

೨೨ ಡಿಸೆಂಬರ್, ಗುರುವಾರ

ಮೊದಲು ಸ್ಲೇಟಿನಲ್ಲಿ ಬರೆದು ತೋರಿಸುವುದೆಂದು ಯೋಚಿಸಿದೆವು. ಮನೆಗೆಲಸಕ್ಕೆ ಬರುವ ಮಾದಮ್ಮನನ್ನು ನಿಲ್ಲಿಸಿ ಪರೀಕ್ಷೆ ಮಾಡಿದೆವು. ಶಿವಮಲ್ಲಪ್ಪ ದೊಡ್ಡ ಅಕ್ಷರದಲ್ಲಿ 'ಕುದುರೆ' ಎಂದು ಬರೆದು ಸ್ಲೇಟು ಹಿಡಿದರು. ಮಾದಮ್ಮ ತುಂಬ ಹೊತ್ತು ನೋಡಿದಳು.

"ಏನ್ ಕಾಣ್ತದ ಮಾದಮ್ಮ?"

"ಇರ್ವೆ ಸಾಲು ಕಣಪ್ಪ."

ಓದು ಬರದವರಿಗೂ ಆಗುವಂಥದು ಬೇಕು. ಚಿತ್ರವೇ ಸರಿ. ಚಿತ್ರ ನಾನು ಬರೆಯುತ್ತೇನೆ. ಕಾನ್ವೆಂಟಿನಲ್ಲಿ ನನ್ನ ಡ್ರಾಯಿಂಗಿಗೆ ಒಮ್ಮೆ ಬಹುಮಾನ ಬಂದಿತ್ತು, ಮೂರನೆಯದು. ಆದರೆ ಸ್ಲೇಟು ಕಂಡರೆ ಜನಕ್ಕೆ ಸ್ಕೂಲಿನ ನೆನಪು ಬಂದು ಮುಖ ಗಂಟಾಗುತ್ತದೆ. ಆಗ ನೋಡಿದೆ, ಗೋಡೆಗೆ ಮೊರ ಒರಗಿತ್ತು. ಮೊರದ ಒಳಗೆ ಸುಣ್ಣದ ಕಡ್ಡಿಯಲ್ಲಿ ಚಿತ್ರ, ಅದನ್ನು ಮುಖದ ಎದುರು ಹಿಡಿದರೆ ಸಭೆಗೆ ಮೊರದ ಬೆನ್ನು ಮಾತ್ರ. ಜೊಳ್ಳು ಹಾರಿಸಿ ಕಾಳು ಉಳಿಸುವಂತೆ ಮನಸ್ಸನ್ನು ಕೇರುತ್ತೇವೆ ಎಂದರೆ ಯಾರು ಬೇಡ ಎನ್ನುತ್ತಾರೆ?

ನೆನೆಯುವವರಿಗೆ ಚೀಟಿ ಎತ್ತಿಸುವುದಕ್ಕೆ ಎಲೆಯಡಿಕೆ ಸಂಚಿ. ಸಂಚಿಗೆ ಎಷ್ಟೊಂದು ಅರೆಗಳು. ಒಂದು ಅರೆಯಲ್ಲಿ ಬೇರೆ ಬೇರೆ ಚಿತ್ರದ ಚೀಟಿ, ಸಭೆಗೆ ತೋರಿಸುವುದಕ್ಕೆ. ಪಕ್ಕದ ಅರೆಯಲ್ಲಿ ಎಲ್ಲವೂ ಒಂದೇ ಚಿತ್ರ, ಕೈ ಹಾಕಿಸುವುದಕ್ಕೆ. ಯಾವುದನ್ನೆತ್ತಿದರೂ ನಾನು ಮೊರದಲ್ಲಿ ಬರೆದದ್ದೇ. ಅಷ್ಟು ಅರೆಗಳಿರುವ ಸಂಚಿ ಮನೆಯಲ್ಲಿ ಒಂದೇ, ಅತ್ತೆಯ ಸೊಂಟದಲ್ಲಿ. ಹೇಗೆ ಕೇಳುವುದು? ನಾನೂ ಬೆಕ್ಕನ್ನೇ ಕೇಳಿದೆ. ಅತ್ತೆ ಅದಕ್ಕೇ ಉತ್ತರ ಕೊಟ್ಟರು: "ತಕ್ಕಳ್ಲಿ. ಸುಣ್ಣದ ಡಬ್ಬಿ ಕಳುದ್ರ ಸುಮ್ನ ಬುಡಕಿಲ್ಲ."

೨೫ ಡಿಸೆಂಬರ್, ಭಾನುವಾರ

ಕಾನ್ವೆಂಟಿನಲ್ಲಿ ಇವತ್ತು ಕೇಕು. ಇಲ್ಲಿ ಇದಕ್ಕಿಂತ ಒಳ್ಳೆಯದು ಬಂತು. ಅತ್ತೆಯ ಅಣ್ಣ, ಚಾಮರಾಜನಗರದ ಬಟ್ಟೆ ಅಂಗಡಿಯ ಶಾಂತಮಲ್ಲಪ್ಪನವರು, ಹರವೆಯ ಹೊಲದಿಂದ ಒಂದು ಮೂಟೆ ಅವರೆಕಾಯಿ ಹೊರಿಸಿಕೊಂಡು ಬಂದರು. ಎಲ್ಲರೂ ಸುತ್ತ ಕೂತು ಸುಲಿದೆವು.

ಅವರಿಗೂ ಮಾವನಿಗೂ ಸದಾ ತಮಾಷೆ. ಬಲಗಿವಿಯ ಹಾಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದುಕೊಳ್ಳುತ್ತಾ ಶುರುಮಾಡಿದರು: "ಏನ್ ಬಾವಾ, ಮಂಡೀಲಿ ತೂಗೋ ಬಟ್ಟು ದಪ್ಪ ಆಗದೋ, ತೂಗೋರ ಒಟ್ಟೆ ದಪ್ಪ ಆಗದೋ?" ಮಾವ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದವರು ಬೆಚ್ಚಿ ಎದ್ದು, "ನಾನೆಲ್ಲಿ ಮನಗಿದ್ದೆ?" ಎಂದರು. ಎಲ್ಲರಿಗೂ ನಗು. ಅತ್ತೆ ಬೆಕ್ಕಿನ ಕಡೆ ಬಾಗಿ, "ಅವ್ನು ಕಿವಿ ಇಡ್ಕಂಡಾಗ್ಲೇ ಅಂದ್ಕಂಡೆ, ಇವತ್ತು ಅವರ ಗಾಚಾರ ಅಂತ" ಎಂದರು.

ಅತ್ತೆ ನಗುವಾಗ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಾರೆ. ಇದನ್ನು ನಾನು ಈವರೆಗೆ ನೋಡಿಯೇ ಇರಲಿಲ್ಲ.

೨೯ ಡಿಸೆಂಬರ್, ಗುರುವಾರ

ಕೆಟ್ಟಿತು. ಗ್ಯಾಸ್ ಲೈಟು ಹಚ್ಚಿ ಅಭ್ಯಾಸ ಮಾಡಿದರೆ ಮೊರದ ಹೆಣಿಗೆಯ ಸಂದಿನಲ್ಲಿ ಬೆಳಕು ತೂರುತ್ತದೆ. ಮಾದಮ್ಮ ಆ ಕಡೆ ಕೂತೇ, "ಅಕ್ಕಾವ್ರೇ, ನಿಮ್ಮ ಕೋಳಿ ನಂಗೂ ಕಾಣ್ತದ" ಎಂದಳು. ನಾನು ಬರೆದದ್ದು ನವಿಲು.

೩೦ ಡಿಸೆಂಬರ್, ಶುಕ್ರವಾರ

ಬೆಳಿಗ್ಗೆ ಎದ್ದು ನೋಡಿದರೆ ಮೊರ ಹಿತ್ತಲ ಬಾಗಿಲಿಗೆ ಒರಗಿ ಬಿಸಿಲು ಕಾಯುತ್ತಿದೆ. ಹಳೆಯ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಒಳಗೂ ಹೊರಗೂ ಒಂದು ಸಂದೂ ಬಿಡದೆ ಬಳಿದಿದ್ದಾರೆ. ಅಂಚಿನಲ್ಲಿ ಬೆರಳಿನ ಗುರುತು ಕೂಡ ಇಲ್ಲ. ಯಾರೂ ಏನೂ ಹೇಳಲಿಲ್ಲ. ಬೆಕ್ಕಿಗೂ ಹೇಳಿಲ್ಲ. ಅತ್ತೆಯ ಉಗುರಿನ ಸಂದಿಯಲ್ಲಿ ಮಾತ್ರ ಮೆಂತ್ಯ ಇತ್ತು.

ನಾನು ಮೊರವನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದೆ, ಒಂದು ಎಳೆ ಬೆಳಕೂ ತೂರಲಿಲ್ಲ. ಇವರು ಬಂದು ಏನಾಯಿತು ಎಂದರು. ಏನೂ ಇಲ್ಲ ಎಂದೆ.

೮ ಜನವರಿ ೧೯೫೬, ಭಾನುವಾರ

ಬರೆಯಲು ಕೂತರೆ ನಗು ಬಂದು ಕೈ ಅಲುಗುತ್ತದೆ.

ಹೆಡ್‌ಮಾಸ್ಟರು ಒಂದೇ ಒಂದು ಅವಕಾಶ ಎಂದು ಒಪ್ಪಿಕೊಂಡಿದ್ದರು. ಹೆಂಗಸರು ಪರಗಂಡಸಿನ ಪಕ್ಕ ಬಂದು ನಿಲ್ಲುವುದಿಲ್ಲ, ಆದ್ದರಿಂದ ಮೊರ ಹಿಡಿಯುವವಳು ನಾನೇ ಎಂದಾಯಿತು. ಮಾವನನ್ನು ಕೇಳಿದ್ದಕ್ಕೆ, "ಮೊರ ತಾನೆ, ಕತ್ತಿ ಅಲ್ಲವಲ್ಲ. ಇಡ್ಕಳ್ಲಿ ಬುಡು" ಎಂದರು.

ನಿನ್ನೆ ಮೊದಲು ಬಂದವನು ರಂಗನಾಯಕ. ನೆನೆಯಲು ಕೂತವರು ಪೋಸ್ಟ್ ಮಾಸ್ಟರು, ಸಂಚಿಯಿಂದ ಎತ್ತಿದ ಚೀಟಿಯಲ್ಲಿ ತೆಂಗಿನ ಮರ. ನಾನು ಮೊರದಲ್ಲಿ ತೆಂಗಿನ ಮರ ಬರೆದಿದ್ದೆ, ಗರಿಗಿರಿ ಎಲ್ಲ ಇಟ್ಟು. ರಂಗನಾಯಕ ನೋಡಿದ. ತಲೆ ಓರೆ ಮಾಡಿ ನೋಡಿದ. ಆಮೇಲೆ ಇಡೀ ಹಾಲ್‌ಗೆ ಕೇಳುವ ಹಾಗೆ, "ಪೊರಕೆ" ಎಂದ.

ಪೋಸ್ಟ್ ಮಾಸ್ಟರು ಚೀಟಿ ಎತ್ತಿ ತೋರಿಸಿದರು, ತೆಂಗಿನ ಮರ. ಜನ ಗುಜುಗುಜು ಎನ್ನುವಷ್ಟರಲ್ಲಿ ಇವರು ಮುಂದೆ ಬಂದು ಸಾವಧಾನವಾಗಿ ಕೇಳಿದರು: "ರಂಗನಾಯಕ, ಕಡ್ಡಿ ಪೊರಕೆ ಯಾವ ಮರದ್ದು?"

"ಇನ್ಯಾವುದ್ರುದು, ತೆಂಗಿಂದು."

"ಪೋಸ್ಟ್ ಮಾಸ್ಟರು ಮರ ಮಾತ್ರ ನೆನೆದರು. ಇವನು ಅದು ಮುಂದೆ ಏನಾಗುತ್ತದೆ ಎನ್ನುವುದನ್ನೂ ಕಂಡ."

ಹಾಲ್ ಹಾರಿಹೋಗುವಂಥ ಚಪ್ಪಾಳೆ. ಆಮೇಲೆ ನಾನು ತಾನು ಎಂದು ಬಂದರು. ಎದುರು ಮನೆಯ ಗುರುಸಿದ್ದಮ್ಮ ಮೊರದೊಳಗಿನ ಹಸುವನ್ನು ನೋಡಿ, ನನ್ನನ್ನು ನೋಡಿ, ಒಂದು ಕಣ್ಣು ಮಿಟುಕಿಸಿ, ಮೈಮೇಲೆ ಬಂದವರ ದನಿಯಲ್ಲಿ "ಅಸಾ... ಅಸಾ..." ಎಂದರು. ಎಷ್ಟು ಚೆನ್ನಾಗಿ ಮಾಡಿದರೆಂದರೆ ನನಗೇ ನಂಬಿಕೆ ಬಂತು. ಇವತ್ತು ನಲ್ಲಿಯ ಹತ್ತಿರ ಅವರೇ ನನಗೆ ಜಾಗ ಬಿಡಿಸಿ, "ಮೊದ್ಲು ನೀ ಇಡ್ಕ ಕಣಮ್ಮಿ" ಎಂದರು. ರಂಗನಾಯಕ, ತಮ್ಮ ವಂಶದಲ್ಲೇ ಈ ಶಕ್ತಿ ಇದೆ ಎಂದು ಹೇಳಿಕೊಂಡು ಕಡಲೆಕಾಯಿ ಮಾರುತ್ತಿದ್ದಾನೆ. ಒಬ್ಬರೂ ಗುಟ್ಟು ಬಿಟ್ಟಿಲ್ಲ.

ಬೀರಿಗೆ ಆಗುವಷ್ಟು ಸೇರಿದೆ. ಅತ್ತೆ ಹಿಂದಿನ ಸಾಲಿನಲ್ಲಿ ಕೂತು ನೋಡಿದರಂತೆ. ಮನೆಗೆ ಬಂದು ಬೆಕ್ಕಿಗೆ, "ನವಿಲ್ಗೂ ಕೋಳಿಗೂ ಬಾಲ ಬ್ಯಾರೆ ಇರ್ತದ ಅಂತ ಯೋಳು" ಎಂದರು. ನಾನು ಬೆಕ್ಕಿನ ಮೂಲಕ, "ಕಲಿಸಿಕೊಡಲಿ" ಎಂದೆ. ಅವರು ಸುಣ್ಣದ ಕಡ್ಡಿ ತೆಗೆದು ನೆಲದ ಮೇಲೆ ಒಂದೇ ಎಳೆಯಲ್ಲಿ ನವಿಲು ಬಿಟ್ಟರು, ದಿನಾ ರಂಗೋಲಿ ಬಿಡುವ ಕೈ. ಆದರೂ ಮಾತಿಲ್ಲ.

೧೪ ಜನವರಿ, ಶನಿವಾರ. ಸಂಕ್ರಾಂತಿ

ಎಳ್ಳು ಬೆಲ್ಲ ಬೀರಿ ಕಾಲು ನೋವು. ಕೊಬ್ಬರಿಯನ್ನು ನಾನು ಹೆಚ್ಚಿದ್ದು ದಪ್ಪವಾಯಿತೆಂದು ಬೆಕ್ಕಿಗೆ ದೂರು ಹೋಯಿತು. ಮೈಸೂರಿನ ಬಸ್ಸು ಈಗ ಬೇರೆ ದಾರಿಯಲ್ಲಿ ಹೋಗುತ್ತದೋ ಏನೋ, ಈಚೆಗೆ ಹಾರನ್ನು ಕೇಳಿಸಿದ ಹಾಗಿಲ್ಲ.

೨೦ ಜನವರಿ, ಶುಕ್ರವಾರ

ಚಾಮರಾಜನಗರದಿಂದ ಕರೆ ಬಂದಿದೆ. ಅಲ್ಲಿಯ ಸ್ಕೂಲಿನವರಿಗೂ ನಮ್ಮ ಆಟ ಬೇಕಂತೆ. ಇಪ್ಪತ್ತೆಂಟಕ್ಕೆ. ಅತ್ತೆಯ ತವರೂರು, ಅವರ ಅಣ್ಣನ ಮನೆಯಲ್ಲೇ ಬಿಡಾರ. ಮನೆಮಂದಿಯೆಲ್ಲ ಹೋಗುವುದು. ಅತ್ತೆ ಎರಡು ದಿನದಿಂದ ಸೀರೆ ಮಡಚುತ್ತಿದ್ದಾರೆ, ಬಿಚ್ಚುತ್ತಿದ್ದಾರೆ. ಬೆಕ್ಕಿಗೆ ಹೇಳಿದರು: "ನನ್ನ ತವ್ರಲ್ಲಿ ಮಾನ ಕಳೀದಂಗ ನೋಡ್ಕಳಿ ಅಂತ ಯೋಳು. ಅಲ್ಲಿ ಎಸ್ರುಗಿಸ್ರು ಕೂಗ್ದಂಗ."

ನಾನು ಎಲ್ಲಿ ಕೂಗುತ್ತೇನೆ? ಇವರನ್ನು ಕರೆಯಬೇಕೆಂದರೆ ಬಳೆ ಆಡಿಸುತ್ತೇನೆ. ಅದೇ ಸುಲಭ.

೨೯ ಜನವರಿ, ಭಾನುವಾರ. ಚಾಮರಾಜನಗರ

ಎಲ್ಲಿಂದ ಶುರುಮಾಡಲಿ? ನಿನ್ನೆಯ ಬಸ್ಸಿನಿಂದಲೇ. ಬಸ್ಸು ತಪ್ಪೀತೆಂದು ಮಾವ ನಮ್ಮೆಲ್ಲರನ್ನೂ ಎರಡು ಗಂಟೆ ಮುಂಚೆಯೇ ಬಸ್ ಸ್ಟ್ಯಾಂಡಿಗೆ ಎಳೆದು ತಂದು ಕೂರಿಸಿದರು. ತೆರಕಣಾಂಬಿಯಲ್ಲಿ ಕಾಫಿ. ದಾರಿಯುದ್ದಕ್ಕೂ ಮೊರ ನನ್ನ ತೊಡೆಯ ಮೇಲೆ. "ಮೊರ ತಗೊಂಡು ಯಾವ ಸೀಮಂತಕ್ಕಮ್ಮ?" ಎಂದು ಕಂಡಕ್ಟರು ಕೇಳಿದ.

ಸಂಜೆ ಹಾಲ್ ತುಂಬಿ ಕಿಟಕಿಯಲ್ಲೂ ಜನ. ಮೂರು ಆಟ ಸರಾಗವಾಗಿ ಮುಗಿದವು. ನನ್ನ ನವಿಲನ್ನು ಚಂದಕವಾಡಿಯ ರೈತರೊಬ್ಬರು ನೋಡಿದ ಕೂಡಲೆ "ನವಿಲು" ಎಂದರು. ಇನ್ನೇನು ವಂದನಾರ್ಪಣೆ ಎನ್ನುವಾಗ ಶಾಂತಮಲ್ಲಪ್ಪನವರು ಎದ್ದು ನಿಂತರು.

"ಅಳಿಯಂದ್ರೇ, ಚೀಲದಿಂದ ಎತ್ತಿದ ಚೀಟಿ ಸಾಕು. ನಾನು ನನ್ನ ತಲೇಲೇ ಒಬ್ರನ್ನ ನೆನೀತೀನಿ. ಈ ಸಭೇಲೇ ಕುಂತಿರೋರು. ಯಾರ್ ಬೇಕಾದ್ರೂ ಬಂದು ಯೋಳ್ಲಿ, ನೋಡನ."

ಜನಕ್ಕೆ ಇನ್ನೇನು ಬೇಕು. ಆಗಲಿ ಆಗಲಿ ಎಂದು ಕೂಗಿದರು. ಶಾಂತಮಲ್ಲಪ್ಪನವರು, ಅಧ್ಯಕ್ಷರಾಗಿ ಕೂತಿದ್ದ ಅಲ್ಲಿಯ ಹೆಡ್‌ಮಾಸ್ಟರ ಕಿವಿಯಲ್ಲಿ ಹೆಸರು ಹೇಳಿ ಹೋಗಿ ಕೂತರು. ಸಂಚಿ ಇಲ್ಲ, ಚೀಟಿ ಇಲ್ಲ. ನಾನು ಇವರ ಮುಖ ನೋಡಿದೆ. ಎಡಗೆನ್ನೆಯ ಗುಳಿ ಇರಲಿ, ಮುಖದಲ್ಲಿ ಬಣ್ಣವೇ ಇರಲಿಲ್ಲ. ಹೆಂಡತಿಯ ತವರಲ್ಲಿ ಅವಮಾನವಾದರೆ ಗಂಡ ಹೇಗಾದರೂ ನುಂಗಿಕೊಳ್ಳಬಹುದು, ತಾಯಿಯ ತವರಲ್ಲಿ ಹೇಗೆ? "ಯಾರು ಬರುತ್ತೀರಿ?" ಎಂದು ಇವರು ಕೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಯಾರೂ ಏಳಲಿಲ್ಲ.

ಹೆಂಗಸರ ಕಡೆಯಿಂದ ಅತ್ತೆ ಎದ್ದು ಬಂದರು.

ಸೆರಗು ಬಿಗಿದುಕೊಂಡು, ಯಾರನ್ನೂ ನೋಡದೆ, ನೇರ ನನ್ನ ಮುಂದೆ ಬಂದು ನಿಂತರು. ನನ್ನ ಕೈಯಲ್ಲಿದ್ದ ಮೊರ ಖಾಲಿ. ನವಿಲನ್ನೂ ಒರೆಸಿಬಿಟ್ಟಿದ್ದೆ. ಬೇರೇನು ಮಾಡಲಿ, ಖಾಲಿ ಮೊರವನ್ನೇ ಅವರ ಮುಖದ ಎದುರು ಹಿಡಿದೆ. ಅತ್ತೆ ಖಾಲಿ ಮೊರವನ್ನು ಬಲು ಗಂಭೀರವಾಗಿ, ಮೂಲೆ ಮೂಲೆಯನ್ನೂ ನೋಡಿದರು. ಆಮೇಲೆ ಗಟ್ಟಿಯಾಗಿ ಹೇಳಿದರು:

"ಊಟದೆಲೆ ಮುಂದ ಕುಂತೇಟ್ಗ, ಬಾಯ್ಗಿಡಕ್ಕೆ ಮುಂಚೇನೆ ಉಪ್ಪು ಅಂತಾರಲ್ಲ, ಅವ್ರು."

ಸಭೆಯಲ್ಲಿ ನಗು. "ನಮ್ಮನೆಯೋರೂ ಅಂಗೇಯ" ಎಂದರು ಹೆಂಗಸರ ಕಡೆಯಿಂದ ಯಾರೋ.

"ಬಸ್ಸು ಒಂದ್ ಗಂಟೆಗ ಅಂದ್ರ ಅನ್ನೊಂದು ಗಂಟೆಗೇ ಕರ್ಕಬಂದು ಕಲ್ಮೇಲೆ ಕುಂಡ್ರುಸ್ತಾರಲ್ಲ, ಅವ್ರು. ಕೂಸ್ಗ ಜರ ಬಂದ್ರ ಬೆಳಗಾನ ಎಗುಲ್ಮೇಲೆ ಆಕ್ಕಂಡು ತಿರ್ಗಿ, ಬೆಳಿಗ್ಗೆ, ನಂಗೇನು ನಿದ್ದೆ ಕೆಟ್ಟಿಲ್ಲ ಅಂತಾರಲ್ಲ, ಅವ್ರು."

ಈ ಸಲ ಯಾರೂ ನಗಲಿಲ್ಲ. ಇವರು ನೆಲ ನೋಡುತ್ತಿದ್ದರು. ಆ ಕೂಸು ಇವರೇ ಇರಬೇಕು.

"ಎಸ್ರು ಯೋಳಿ, ಎಸ್ರು" ಎಂದು ಹಿಂದಿನಿಂದ ಕೂಗು ಬಂತು. ಅಧ್ಯಕ್ಷರೂ, "ಹೆಸರು ಹೇಳಿದರೆ ಒಪ್ಪುತ್ತೇವೆ ತಾಯಿ" ಎಂದರು.

ಅತ್ತೆ ಮೊರದ ಹಿಂದೆ ನನ್ನ ಕಡೆ ತಿರುಗಿದರು. ನನ್ನ ಕಡೆ. ಸುತ್ತಮುತ್ತ ಎಲ್ಲೂ ಬೆಕ್ಕು ಇರಲಿಲ್ಲ. ಮೆಲ್ಲಗೆ ಹೇಳಿದರು:

"ನೀನೇ ಯೋಳ್ಬುಡು ಕೂಸೇ. ನಿಂಗಾದ್ರ ಅಭ್ಯಾಸ ಅದ."

ಡಬ್ಬಿಯ ಆ ಶುಕ್ರವಾರದ ಮೇಲೆ ನನಗೆ ಆಡಿದ ಮೊದಲ ಮಾತು. ನಾನು ಬಾಯಿ ತೆರೆದೆ. ಹೆಸರು ನಾಲಗೆಯ ತುದಿಯಲ್ಲೇ ಇತ್ತು, ಬೋರ್ಡಿನಲ್ಲಿ ದಿನಾ ಓದುವ ಹೆಸರು. ಬರಲಿಲ್ಲ. ಇನ್ನೊಮ್ಮೆ ತೆರೆದೆ. ಮೀನಿನ ಹಾಗೆ ಬಾಯಿ ಆಡಿತೇ ಹೊರತು ಸದ್ದೇ ಇಲ್ಲ. "ಅತ್ತೆ, ನನಗೂ ಆಗ್ತಾ ಇಲ್ಲ" ಎಂದೆ. ಅತ್ತೆ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಇಬ್ಬರಿಗೂ ನಗು ಒತ್ತರಿಸಿ ಬಂತು. ತಡೆದಷ್ಟೂ ಜಾಸ್ತಿ. ನಮ್ಮ ಮುಖ ಯಾರಿಗೂ ಕಾಣುತ್ತಿರಲಿಲ್ಲ, ಮೊರ ಮಾತ್ರ ಗಡಗಡ ಅಲುಗುತ್ತಿತ್ತಂತೆ. ಸಭೆ, ಏನೋ ಶಕ್ತಿ ಇಳಿದಿದೆ ಎಂದು ಉಸಿರು ಬಿಗಿಹಿಡಿದು ಕೂತಿತ್ತೆಂದು ಇವರು ಆಮೇಲೆ ಹೇಳಿದರು.

ಅತ್ತೆ ಕಣ್ಣೊರೆಸಿಕೊಂಡು, ಮೊರದ ಅಂಚಿನಿಂದ ಮುಖ ಹೊರಗೆ ಮಾಡಿ ಹೇಳಿದರು: "ಮೂರ್ನೇ ಸಾಲ್ನಲ್ಲಿ ಈಗ ಗೊರ್ಕೆ ಒಡೀತಾ ಅವ್ರಲ್ಲ, ಅವ್ರೇ."

ಇಡೀ ಸಭೆ ಒಟ್ಟಿಗೆ ತಿರುಗಿತು. ಪಕ್ಕದವರು ಮೊಣಕೈಯಿಂದ ತಿವಿದರು. ಮಾವ ಬೆಚ್ಚಿ ಎದ್ದು ನಿಂತು, ರುಮಾಲು ಸರಿಮಾಡಿಕೊಂಡು, ಅಷ್ಟು ಜನರ ಮುಂದೆ ಹೇಳಿದರು:

"ನಾನೆಲ್ಲಿ ಮನಗಿದ್ದೆ?"

ಆ ನಗುವನ್ನು ಬರೆಯುವುದಕ್ಕೆ ನನಗೆ ಬರುವುದಿಲ್ಲ. ಕಿಟಕಿಯಲ್ಲಿದ್ದವರು ಕೆಳಗೆ ಬಿದ್ದರು. ಅಧ್ಯಕ್ಷರು ಎದ್ದು, ತಮ್ಮ ಕಿವಿಯಲ್ಲಿ ಹೇಳಿದ ಹೆಸರು ಮಾವನದೇ ಎಂದರು. ಶಾಂತಮಲ್ಲಪ್ಪನವರು ಎರಡೂ ಕೈ ಎತ್ತಿ ತಂಗಿಗೆ ಮುಗಿದರು.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ, "ಅತ್ತೆ, ಹೇಗೆ ಗೊತ್ತಾಯಿತು?"

"ಅವ್ನು ಎದ್ದಾಗ ಕಿವಿ ಇಡ್ಕಂಡಿದ್ದ, ಬಾವನ್ನ ಕೆಣಕೋವಾಗ ಇಡ್ಕಳಂಗ. ನೀ ನೋಡ್ನಿಲ್ವಾ? ಚಿತ್ರ ಬರೆಯೋರು ಕಣ್ಬುಟ್ಟು ನೋಡ್ಬೇಕು ಕಣಮ್ಮಿ."

ಇವರು ಹಿಂದಿನಿಂದ, ಮೂರು ವರ್ಷ ಹಾಸ್ಟೆಲಿನಲ್ಲಿ ಕಲಿತದ್ದು ದಂಡವಾಯಿತು ಎಂದು ಗೊಣಗುತ್ತಾ ಬಂದರು. ಗುಳಿ ಬಿದ್ದಿತ್ತು.

೩೧ ಜನವರಿ, ಮಂಗಳವಾರ. ಗುಂಡ್ಲುಪೇಟೆ

ನಮ್ಮ ಮನೆಗೆ ಬಂದು ನೆಮ್ಮದಿ. ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಕೂತು ಅದೇ ಮೊರದಲ್ಲಿ ರಾಗಿ ಕೇರುತ್ತಿದ್ದರು. ನಾನು ಕಲ್ಲು ಆರಿಸುತ್ತಿದ್ದೆ. ಗಂಡಸರು ಯಾರೂ ಇರಲಿಲ್ಲ. ಬೆಕ್ಕು ಇಬ್ಬರ ನಡುವೆ, ತನ್ನ ಜಾಗದಲ್ಲಿ.

"ಅತ್ತೆ, ನಾನೊಂದು ನೆನೆದಿದ್ದೀನಿ. ಯೋಳಿ ನೋಡನ."

"ಏನು?"

"ಮೊನ್ನೆ ಸಭೆಯಲ್ಲಿ ಯಾರೂ ಹೇಳದೆ ಉಳಿದದ್ದು."

ಅತ್ತೆ ಕೇರುವುದನ್ನು ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು, ಬೇಲಿಯ ಕಡೆ ನೋಡಿದರು. ರಾಗಿಯನ್ನು ಕುಕ್ಕೆಗೆ ಸುರಿದು, ಮೊರವನ್ನು ಎತ್ತಿ ನಮ್ಮಿಬ್ಬರ ಮುಖಕ್ಕೆ ಮರೆ ಹಿಡಿದು, ನನ್ನ ಕಿವಿಯ ಹತ್ತಿರ ಬಾಗಿ ಮೆತ್ತಗೆ ಹೇಳಿದರು. ಮೂವತ್ತು ವರ್ಷದ ಮೇಲೆ. ಹೇಳಿ, ಕೆನ್ನೆ ಕೆಂಪಾಗಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಈಗ ನಿಂದು ಯೋಳು" ಎಂದರು.

ನಾನೂ ಅವರ ಕಿವಿಯಲ್ಲಿ ಹೇಳಿದೆ. ಬೀದಿಯ ಕೊನೆಯವರೆಗೆ ಕೂಗಿದ್ದಾಗ ಅದು ಇಷ್ಟು ಚೆಂದದ ಹೆಸರೆಂದು ಗೊತ್ತೇ ಇರಲಿಲ್ಲ.

ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಬರೆಯುವಂಥವಲ್ಲ ಅವು.

ಮೊರ ಇಳಿಸಿದ ಮೇಲೆ ಅತ್ತೆ, "ಓಗು, ಸಾರು ಸೀದೋಯ್ತಾ ಅದ, ವಾಸ್ನೆ ಬರ್ನಿಲ್ವಾ ನಿಂಗ?" ಎಂದರು, ನನ್ನ ಮುಖ ನೋಡಿಕೊಂಡೇ. ಬೆಕ್ಕು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಮೈ ಮುರಿದು ಎದ್ದು, ಬೇಲಿ ಹಾರಿ ಗುರುಸಿದ್ದಮ್ಮನವರ ಮನೆಯ ಕಡೆ ಹೋಯಿತು.